ಇಂಗ್ಲೆಂಡಿನಲ್ಲಿ ಮನೆ ಬಿಡುವಾಗ ಡಿಪಾಸಿಟ್ ಪೂರ್ತಿ ಕೈಗೆ ಬರಬೇಕಾದರೆ

ಮುಂದಿನ ತಿಂಗಳು ಫ್ಲ್ಯಾಟ್ ಖಾಲಿ ಮಾಡುತ್ತಿದ್ದೀರಿ. ಕ್ಲೀನಿಂಗ್ ಕಂಪನಿಯವರಿಂದಲೇ ಮನೆ ಶುಚಿ ಮಾಡಿಸಿ ರಸೀದಿ ಕೊಡದಿದ್ದರೆ ಡಿಪಾಸಿಟ್‌ನಲ್ಲಿ ಮುರಿದುಕೊಳ್ಳುತ್ತೇವೆ ಅಂತ ಏಜೆಂಟ್ ಬರೆದಿದ್ದಾರೆ. ದುಡ್ಡು ಪೂರ್ತಿ ವಾಪಸ್ ಬರುತ್ತದಾ ಅಂತ ನಿಮ್ಮ ಪ್ರಶ್ನೆ. ಬರುತ್ತದೆ, ಆದರೆ ಮೊದಲು ಒಂದು ಮಾತು ಗಟ್ಟಿಯಾಗಿ ತಿಳಿದುಕೊಳ್ಳಿ: ಆ ದುಡ್ಡು ಇವತ್ತಿಗೂ ನಿಮ್ಮದೇ. ಅದರಲ್ಲಿ ಒಂದು ಪೌಂಡ್ ಮುರಿಯಬೇಕಾದರೂ ಕಾರಣವನ್ನು ಸಾಬೀತು ಮಾಡಬೇಕಾದವರು ಮಾಲೀಕರು. ಹೊಸದಾಗಿ ಬಂದ ನಮ್ಮವರು ಏಜೆಂಟರ ಈಮೇಲಿನ ಧಾಟಿಗೇ ಹೆದರಿ, ಕೊಟ್ಟಷ್ಟು ತೆಗೆದುಕೊಂಡು ಸುಮ್ಮನಾಗುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಕ್ಲೀನಿಂಗ್ ವಿಷಯ ಮೊದಲು ಮುಗಿಸೋಣ. ಬಾಡಿಗೆದಾರರಿಂದ ಯಾವ ದುಡ್ಡು ಕೇಳಬಹುದು, ಯಾವುದು ಕೇಳಬಾರದು ಅಂತ ಹೇಳುವ 2019ರ ಟೆನೆಂಟ್ ಫೀಸ್ ಆ್ಯಕ್ಟ್ ಬಂದ ಮೇಲೆ ಕಂಪನಿಯವರಿಂದಲೇ ಶುಚಿ ಮಾಡಿಸಿ ಅಂತ ನಿಮ್ಮನ್ನು ಒತ್ತಾಯಿಸುವ ಹಾಗಿಲ್ಲ. ನೀವು ಬಂದ ದಿನ ಮನೆ ಎಷ್ಟು ಚೊಕ್ಕಟವಾಗಿತ್ತೋ ಅಷ್ಟು ಚೊಕ್ಕಟವಾಗಿ ಬಿಟ್ಟುಕೊಟ್ಟರೆ ಸಾಕು. ಕೆಲಸ ಯಾರು ಮಾಡಿದರು ಅನ್ನುವುದು ಅವರಿಗೆ ಬೇಕಿಲ್ಲ. ಮನೆ ಬಿಡುವಾಗ ಅವರು ತಪಾಸಣೆ ಮಾಡಿ ಬರೆಯುವ ಚೆಕ್-ಔಟ್ ವರದಿಯ ಖರ್ಚನ್ನೂ ನಿಮ್ಮ ತಲೆಗೆ ಕಟ್ಟುವಂತಿಲ್ಲ.

ಇನ್ನು ಆ ದುಡ್ಡು ಎಲ್ಲಿದೆ ಅಂತ ಇವತ್ತೇ ನೋಡಿ. ಇಂಗ್ಲೆಂಡಿನಲ್ಲಿ ಡಿಪಾಸಿಟ್ ಕೈಗೆ ಬಂದ 30 ದಿನದೊಳಗೆ ಮಾಲೀಕರು ಅದನ್ನು ಡಿಪಾಸಿಟ್ ಕಾಪಾಡಲು ಸರ್ಕಾರ ಒಪ್ಪಿದ ಮೂರು ಸ್ಕೀಮ್‌ಗಳಲ್ಲಿ ಒಂದರಲ್ಲಿ ನೋಂದಾಯಿಸಿ, ವಿವರವನ್ನು ನಿಮಗೆ ಬರವಣಿಗೆಯಲ್ಲಿ ಕೊಡಲೇಬೇಕು. ಡಿಪಾಸಿಟ್ ಪ್ರೊಟೆಕ್ಷನ್ ಸರ್ವಿಸ್, ಮೈಡಿಪಾಸಿಟ್ಸ್, ಟೆನೆನ್ಸಿ ಡಿಪಾಸಿಟ್ ಸ್ಕೀಮ್: ಈ ಮೂರರ ವೆಬ್‌ಸೈಟ್‌ನಲ್ಲೂ ನಿಮ್ಮ ಹೆಸರು, ಮನೆಯ ಪೋಸ್ಟ್‌ಕೋಡ್ ಹಾಕಿ ಹುಡುಕಬಹುದು. ಎಲ್ಲೂ ಸಿಗದಿದ್ದರೆ ತಪ್ಪು ಮಾಲೀಕರದ್ದು. ನೀವು ಕೋರ್ಟಿಗೆ ಹೋದರೆ ಡಿಪಾಸಿಟ್‌ನ ಒಂದರಿಂದ ಮೂರು ಪಟ್ಟಿನವರೆಗೆ ಅವರು ದಂಡ ತೆರಬೇಕಾಗುತ್ತದೆ. ಡಿಪಾಸಿಟ್ ಮೊತ್ತವನ್ನೂ ಒಮ್ಮೆ ಲೆಕ್ಕ ಹಾಕಿ. ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ ಐದು ವಾರದ ಬಾಡಿಗೆಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ತಿಂಗಳಿಗೆ 1,300 ಪೌಂಡ್ ಬಾಡಿಗೆ ಅಂದರೆ ವಾರಕ್ಕೆ 300, ಹಾಗಾಗಿ ಡಿಪಾಸಿಟ್ 1,500 ದಾಟುವಂತಿಲ್ಲ. (ಮಾಲೀಕರ ಮನೆಯಲ್ಲೇ ಒಂದು ರೂಮಿನಲ್ಲಿ ಇರುವವರಿಗೆ ಸ್ಕೀಮ್‌ನ ಈ ರಕ್ಷಣೆ ಇಲ್ಲ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನ ನಿಯಮಗಳೂ ಬೇರೆ.)

ನಿಜವಾದ ಜಗಳ ನಡೆಯುವುದು ಇನ್ವೆಂಟರಿ ಮೇಲೆ, ಅಂದರೆ ಮನೆಯಲ್ಲಿ ಏನೇನಿದೆ, ಯಾವ ಸ್ಥಿತಿಯಲ್ಲಿದೆ ಅನ್ನುವ ಪಟ್ಟಿಯ ಮೇಲೆ. ಬಂದ ದಿನ ಸಹಿ ಹಾಕಿದ ಆ ಉದ್ದದ ಪಿಡಿಎಫ್ ಹುಡುಕಿ ತೆಗೆದು, ಒಂದೊಂದು ಕೋಣೆಯಲ್ಲೂ ನಿಂತು ಓದಿ. ನಾನು ಹಿಂದೆ ಬಿಟ್ಟ ಒಂದು ಮನೆಯಲ್ಲಿ ಹಾಲ್‌ನ ಕಾರ್ಪೆಟ್ ಸವೆದಿದೆ ಅಂತ ಏಜೆನ್ಸಿಯವರು ದುಡ್ಡು ಕೇಳಿದರು. ಅವರದೇ ಇನ್ವೆಂಟರಿಯಲ್ಲಿ ‘ಬಾಗಿಲ ಹತ್ತಿರ ಸವೆದಿದೆ’ ಅಂತ ಒಂದು ಸಾಲಿತ್ತು. ಆ ಪುಟವನ್ನು ಕಳಿಸಿದ ಮೇಲೆ ಮತ್ತೆ ಅವರು ಕಾರ್ಪೆಟ್ ಸುದ್ದಿ ಎತ್ತಲಿಲ್ಲ.

ನೀವು ಬಂದ ದಿನ ಕಾರ್ಪೆಟ್ ಸವೆದಿರಲಿಲ್ಲ ಅಂತಲೇ ಇಟ್ಟುಕೊಳ್ಳಿ, ಆಗಲೂ ಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೆ ನೀವು ದುಡ್ಡು ಕೊಡಬೇಕಿಲ್ಲ. ಇಸ್ತ್ರಿಪೆಟ್ಟಿಗೆ ಬಿದ್ದು ಸುಟ್ಟ ಗುರುತು ಹಾನಿ. ಸೋಫಾ ಮುಂದೆ ನಡೆದಾಡಿ ಮಂಕಾದ ಜಾಗ ಸವೆತ. ಹಾನಿಯಾದರೂ ಹಳೆಯ ವಸ್ತುವಿಗೆ ಹೊಸದರ ಬೆಲೆ ಕೇಳುವಂತಿಲ್ಲ. 500 ಪೌಂಡಿನ, ಹತ್ತು ವರ್ಷ ಬಾಳುವ ಕಾರ್ಪೆಟ್‌ಗೆ ಎಂಟು ವರ್ಷ ಆಗಿದ್ದರೆ ಉಳಿದ ಎರಡು ವರ್ಷದ 100 ಪೌಂಡ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ಏಜೆಂಟರು ಈ ಲೆಕ್ಕವನ್ನು ತಾವಾಗಿ ಹಾಕಿ ತೋರಿಸುವುದಿಲ್ಲ. ನೀವೇ ಕೇಳಬೇಕು.

ಶುಚಿ ಮಾಡುವಾಗ ನೆಲಕ್ಕಿಂತ ಮೂಲೆಗಳಿಗೆ ಸಮಯ ಕೊಡಿ. ಓವನ್ ಬಾಗಿಲಿನ ಗಾಜು, ಒಲೆಯ ಮೇಲಿನ ಹೊಗೆ ಎಳೆಯುವ ಎಕ್ಸ್‌ಟ್ರಾಕ್ಟರಿನ ಫಿಲ್ಟರ್, ರೇಡಿಯೇಟರ್ ಹಿಂದಿನ ಧೂಳು: ತಪಾಸಣೆಗೆ ಬಂದವರ ಕಣ್ಣಿಗೆ ಬೀಳುವುದು ಇವೇ. ಲಂಡನ್ ಸುತ್ತಮುತ್ತ ನೀರು ಗಡಸು. ಶವರ್ ಗಾಜಿನ ಮೇಲೆ, ನಲ್ಲಿಯ ಬುಡದಲ್ಲಿ ಬಿಳಿ ಸುಣ್ಣದ ಪದರ ಕಟ್ಟುತ್ತದೆ. ವಿನೆಗರ್‌ನಲ್ಲಿ ನೆನೆಸಿದ ಬಟ್ಟೆಯನ್ನು ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಟ್ಟರೆ ಪದರ ಮೆತ್ತಗಾಗಿ ಉಜ್ಜಿದಾಗ ಬಿಡುತ್ತದೆ. ಕಿಟಕಿಯ ಸುತ್ತ ಕಪ್ಪು ಬೂಷ್ಟು ಹಿಡಿದಿದ್ದರೆ ಒರೆಸಿ, ಆದರೆ ಮೊದಲು ಫೋಟೋ ತೆಗೆಯಿರಿ. ಬೂಷ್ಟಿನ ಬಗ್ಗೆ ಚಳಿಗಾಲದಲ್ಲಿ ಏಜೆಂಟರಿಗೆ ಕಳಿಸಿದ ಈಮೇಲ್ ಇದ್ದರೆ ಜೋಪಾನ. ಬಟ್ಟೆ ಒಳಗೆ ಒಣಗಿಸಿದ್ದಕ್ಕೇ ಹೀಗಾಯಿತು ಅಂತ ನಿಮ್ಮ ಮೇಲೆ ಹಾಕುವುದು ಇಲ್ಲಿ ಮಾಮೂಲು.

ಸಾಮಾನೆಲ್ಲ ಹೊರಗೆ ಹೋದ ಮೇಲೆ ಇಡೀ ಮನೆಯ ವಿಡಿಯೋ ಮಾಡಿ, ಗ್ಯಾಸ್, ಕರೆಂಟ್ ಮೀಟರ್‌ಗಳ ಅಂಕಿಯೂ ಅದರಲ್ಲಿರಲಿ. ಬೀಗದ ಕೈ ಕೊಟ್ಟದ್ದಕ್ಕೆ ಬರವಣಿಗೆ ಪಡೆಯಿರಿ. ಚೆಕ್-ಔಟ್ ದಿನ ಅಲ್ಲೇ ಇರಲು ಆದರೆ ಇರಿ.

ಕೊನೆಯ ತಿಂಗಳ ಬಾಡಿಗೆಯನ್ನು ಡಿಪಾಸಿಟ್‌ನಲ್ಲಿ ವಜಾ ಮಾಡಿಕೊಳ್ಳಿ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಲೇಬೇಡಿ. ಅದು ಬಾಡಿಗೆ ಬಾಕಿ ಆಗುತ್ತದೆ, ಮುಂದಿನ ಮನೆಗೆ ಬೇಕಾದ ರೆಫರೆನ್ಸ್ (ಹಳೆಯ ಮಾಲೀಕರು ನಿಮ್ಮ ಬಗ್ಗೆ ಕೊಡುವ ಶಿಫಾರಸು) ಕೆಡುತ್ತದೆ.

ಮನೆ ಬಿಟ್ಟ ಮರುದಿನವೇ ದುಡ್ಡು ವಾಪಸ್ ಕೇಳಿ ಬರೆಯಿರಿ. ಎಷ್ಟು ಅಂತ ಇಬ್ಬರೂ ಒಪ್ಪಿದ ಮೇಲೆ 10 ದಿನದೊಳಗೆ ಕೊಡಬೇಕು. ಒಪ್ಪಿಗೆ ಆಗದಿದ್ದರೆ ತಕರಾರಿಲ್ಲದ ಭಾಗವನ್ನು ಮೊದಲು ಬಿಡಿಸಿಕೊಂಡು, ಉಳಿದದ್ದಕ್ಕೆ ಸ್ಕೀಮ್‌ನಲ್ಲೇ ದೂರು ಹಾಕಿ. ಅದಕ್ಕೆ ಫೀಸ್ ಇಲ್ಲ, ಲಾಯರ್ ಬೇಡ. ತೀರ್ಪು ಕೊಡುವವರು ಮನೆ ನೋಡಲು ಬರುವುದಿಲ್ಲ, ಎರಡೂ ಕಡೆಯ ಕಾಗದ, ಫೋಟೋ ನೋಡಿ ತೀರ್ಮಾನಿಸುತ್ತಾರೆ. ಸ್ಕೀಮ್ ಮೂಲಕ ತೀರ್ಮಾನ ಮಾಡಿಸಿಕೊಳ್ಳಲು ಮಾಲೀಕರು ಒಪ್ಪದಿದ್ದರೆ, ಸಣ್ಣ ಮೊತ್ತದ ದಾವೆಗಳನ್ನು ನೋಡುವ ಸ್ಮಾಲ್ ಕ್ಲೇಮ್ಸ್ ಕೋರ್ಟ್ ಇದ್ದೇ ಇದೆ. ದೂರಿಗೆ ಗಡುವಿರುವುದರಿಂದ ತಿಂಗಳುಗಟ್ಟಲೆ ಕಾಯುತ್ತಾ ಕೂರಬೇಡಿ.

ಸದ್ಯಕ್ಕೆ ಏಜೆಂಟರಿಗೆ ಎರಡೇ ಸಾಲು ಬರೆಯಿರಿ: ಇನ್ವೆಂಟರಿಯಲ್ಲಿರುವ ಮಟ್ಟಕ್ಕೆ ಮನೆ ಶುಚಿ ಮಾಡಿ ಬಿಡುತ್ತೇನೆ, ಡಿಪಾಸಿಟ್ ಯಾವ ಸ್ಕೀಮ್‌ನಲ್ಲಿದೆ ತಿಳಿಸಿ. ಅವರ ಉತ್ತರ ಬಂದ ಮೇಲೆ ನನಗೂ ಕಳಿಸಿ, ಮುಂದೆ ಏನು ಬರೆಯಬೇಕೋ ಕೂತು ನೋಡೋಣ.