ಕೇಳ್ರಿ, ಹೇಳ್ತೀವಿ: ಫೋಲ್ಡರ್ ಎಲ್ಲಿಗ್ ಹೋತು?

ಪ್ರಶ್ನೆ: ಸರ್, ನಮ್ದು ವಿದ್ಯಾನಗರದಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ. ಹುಡುಗ್ರು ಪ್ರಾಜೆಕ್ಟ್ ಪ್ರಿಂಟ್ ತೆಗೆಸೋಕೆ ಪೆನ್‌ಡ್ರೈವ್ ತರ್ತಾರೆ, ನಮ್ ಸಿಸ್ಟಮ್‌ಗೆ ಹಾಕಿದ್ರೆ ಫೋಲ್ಡರ್ ಎಲ್ಲಾ ಶಾರ್ಟ್‌ಕಟ್ ಆಗಿರುತ್ತೆ, ಒಳಗಿಂದು ಏನೂ ಇಲ್ಲ, ಆದ್ರೆ ಪ್ರಾಪರ್ಟೀಸ್ ನೋಡಿದ್ರೆ ಜಾಗ ಮಾತ್ರ ತುಂಬಿದ್ದಂಗೇ ತೋರ್ಸುತ್ತೆ. ನೀವೇ ಡಿಲೀಟ್ ಮಾಡಿದ್ರಿ ಅಂತ ನಮ್ ಮೇಲೆ ಜಗಳಕ್ಕೆ ಬರ್ತಾರೆ. ಏನ್ ಮಾಡ್ಲಿ?
— ಅಂಗಡಿಯವರು, ದಾವಣಗೆರೆ

ಉತ್ತರ: ಜಾಗ ತುಂಬಿದೆ ಅಂತ ತೋರ್ಸ್ತಿದೆ ಅಂದ್ರೆ ಅರ್ಧ ಚಿಂತೆ ಬಿಡ್ರಿ, ಫೈಲ್ ಎಲ್ಲೂ ಹೋಗಿಲ್ಲ. ಪೆನ್‌ಡ್ರೈವ್ ಸಾಮಾನ್ಯವಾಗಿ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿ ಇರುತ್ತೆ, ಅದ್ರಲ್ಲಿ ಪ್ರತಿ ಫೈಲಿಗೂ ಫೋಲ್ಡರಿಗೂ ಡೈರೆಕ್ಟರಿಯಲ್ಲಿ 32 ಬೈಟಿನ ಒಂದು ಎಂಟ್ರಿ, ಆ 32ರಲ್ಲಿ ಒಂದೇ ಒಂದು ಬೈಟ್ ಅಟ್ರಿಬ್ಯೂಟ್‌ಗೆ, ಅಂದ್ರೆ ಫೈಲ್ ಎಂಥದ್ದು ಅಂತ ಹೇಳೋ ಗುರುತಿಗೆ ಮೀಸಲು. ರೀಡ್ ಓನ್ಲಿ ಅಂದ್ರೆ 1, ಹಿಡನ್ 2, ಸಿಸ್ಟಮ್ 4, ಫೋಲ್ಡರ್ ಆಗಿದ್ರೆ 16. ವೈರಸ್ ಮಾಡೋದು ಇಷ್ಟೇ, 16 ಇದ್ದಿದ್ದನ್ನ 22 ಮಾಡುತ್ತೆ, ಅಂದ್ರೆ ಹಿಡನ್ನೂ ಸಿಸ್ಟಮ್ಮೂ ಎರಡೂ ಸೇರಿಸುತ್ತೆ, ಆಮೇಲೆ ಅದೇ ಹೆಸರಲ್ಲಿ ಒಂದು ಶಾರ್ಟ್‌ಕಟ್ ಇಟ್ಟು ಕೂರುತ್ತೆ. ಮಂಡಿಯಲ್ಲಿ ಮೆಕ್ಕೆಜೋಳದ ಚೀಲಕ್ಕೆ ಕಟ್ಟಿರೋ ಚೀಟಿ ಯಾರೋ ಬದಲಾಯಿಸಿದಂಗೆ, ಒಳಗಿನ ಜೋಳ ಯಾರೂ ಮುಟ್ಟಿಲ್ಲ.

ಈ ಬೈಟ್ ಬದಲಾಯಿಸೋಕೆ ವೈರಸ್ಸಿಗೆ ವಿಶೇಷ ವಿದ್ಯೆ ಏನೂ ಬೇಕಿಲ್ಲ. ವಿಂಡೋಸ್‌ನಲ್ಲಿ ಸೆಟ್‌ಫೈಲ್‌ಅಟ್ರಿಬ್ಯೂಟ್ಸ್ ಅಂತ ಒಂದು ಫಂಕ್ಷನ್ ಐತೆ, ಯಾವ ಪ್ರೋಗ್ರಾಮ್ ಬೇಕಾದ್ರೂ ಅದನ್ನ ಕರೀಬಹುದು, ಅದು ಕೆಳಗೆ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಸಿಸ್ಟಮ್ ಕಾಲ್, ಅಂದ್ರೆ ಕೆಲಸ ಮಾಡಿಕೊಡು ಅನ್ನೋ ಕರೆ, ಹೊಡೆದು ಈ ಫೈಲಿನ ಅಟ್ರಿಬ್ಯೂಟ್ ಇಂತಿಷ್ಟು ಮಾಡು ಅಂತ ಹೇಳುತ್ತೆ. ಡಾಸ್ ಕಾಲದಲ್ಲೂ ಇದೇ ಕೆಲಸಕ್ಕೆ ಇಂಟರಪ್ಟ್ 21ರ ಒಳಗೆ 43ನೇ ನಂಬರಿನ (ಎರಡೂ ಹೆಕ್ಸ್ ಲೆಕ್ಕದಲ್ಲಿ) ಕರೆ ಇತ್ತು. ನೀವು ವಾಪಸ್ ತರೋದೂ ಅದೇ ದಾರೀಲೆ. ಮೊದ್ಲು ಆಂಟಿವೈರಸ್ ಸ್ಕ್ಯಾನ್ ಮಾಡ್ರಿ, ಶಾರ್ಟ್‌ಕಟ್ ಮೇಲೆ ಡಬಲ್ ಕ್ಲಿಕ್ ಮಾತ್ರ ಮಾಡ್ಬೇಡ್ರಿ, ಅವನ್ನ ಡಿಲೀಟ್ ಮಾಡಿ ಕಮಾಂಡ್ ಪ್ರಾಂಪ್ಟ್ ತೆಗೆದು ಅಟ್ರಿಬ್, ಮೈನಸ್ ಎಚ್, ಮೈನಸ್ ಎಸ್, ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ ಅಂತ ಹೊಡೆದು ಮುಂದೆ ನಿಮ್ ಪೆನ್‌ಡ್ರೈವ್ ಅಕ್ಷರ, ಕೋಲನ್, ಬ್ಯಾಕ್‌ಸ್ಲ್ಯಾಶ್, ಸ್ಟಾರ್ ಹಾಕ್ರಿ. ಎಚ್ ಒಂದನ್ನೇ ತೆಗೀತೀನಿ ಅಂದ್ರೆ ಸಿಸ್ಟಮ್ ಫೈಲ್ ಮುಟ್ಟಲ್ಲ ಅಂತ ಅಟ್ರಿಬ್ ಹಠ ಹಿಡಿಯುತ್ತೆ, ಎರಡೂ ಒಟ್ಟಿಗೇ ತೆಗೀಬೇಕು. ಪ್ರಾಪರ್ಟೀಸ್‌ನಲ್ಲಿ ಹಿಡನ್ ಬಾಕ್ಸ್ ಬೂದು ಬಣ್ಣಕ್ಕೆ ತಿರುಗಿ ಕ್ಲಿಕ್ಕೇ ಆಗದಿರೋದೂ ಇದೇ ಕಾರಣಕ್ಕೆ. ಜಗಳಕ್ಕೆ ಬಂದ ಹುಡುಗನ ಎದುರಿಗೇ ಇದನ್ನ ಹೊಡೆದು ತೋರಿಸ್ರಿ, ಫೋಲ್ಡರ್ ಎದ್ದು ಬಂದ ಮೇಲೆ ಅವನೇ ಸುಮ್ನಾಗ್ತಾನೆ.

ಪ್ರಶ್ನೆ: ಸರ್, ನಾನು ಇಂಜಿನಿಯರಿಂಗ್ 5ನೇ ಸೆಮ್. ಲಿನಕ್ಸ್‌ನಲ್ಲಿ ನನ್ನ ಪೆನ್‌ಡ್ರೈವಲ್ಲಿರೋ ಸ್ಕ್ರಿಪ್ಟ್ ರನ್ ಆಗ್ಲಿ ಅಂತ ಪರ್ಮಿಷನ್ ಬದಲಾಯಿಸೋ ಸಿಎಚ್‌ಮಾಡ್ ಕಮಾಂಡ್‌ನಲ್ಲಿ 755 ಕೊಟ್ಟೆ. ಎರರ್ ಏನೂ ಬರ್ಲಿಲ್ಲ, ಆದ್ರೆ ಲಿಸ್ಟ್ ಮಾಡಿದ್ರೆ ಇನ್ನೂ 644, ಅಂದ್ರೆ ರನ್ ಪರ್ಮಿಷನ್ ಇಲ್ಲ ಅಂತಾನೇ ಬರ್ತಿದೆ. ಮನೆ ಲ್ಯಾಪ್‌ಟಾಪ್ ಡಿಸ್ಕ್‌ನಲ್ಲಿ ಸರಿಯಾಗೇ ಆಗುತ್ತೆ.
— ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಒಳ್ಳೆ ಪ್ರಶ್ನೆ ತಂಗಿ. ಸಿಎಚ್‌ಮಾಡ್ ಅನ್ನೋದು ಆರ್ಡರ್ ಅಲ್ಲ, ಅರ್ಜಿ. ಕರೆ ಒಳಗೆ ಹೋದ್ಮೇಲೆ ಕರ್ನಲ್ ಮೊದ್ಲು ಫೈಲಿನ ಐನೋಡ್ (ಫೈಲಿನ ವಿವರ ಇಟ್ಟಿರೋ ದಾಖಲೆ) ಹುಡುಕುತ್ತೆ. ಏನೇನು ಬದಲಾಗ್ಬೇಕು ಅನ್ನೋದನ್ನ ಐಅಟ್ಟರ್ ಅನ್ನೋ ಸ್ಟ್ರಕ್ಚರ್‌ನಲ್ಲಿ ತುಂಬಿ ಆ ಫೈಲ್‌ಸಿಸ್ಟಮ್‌ನ ಸೆಟ್‌ಅಟ್ಟರ್ ಫಂಕ್ಷನ್‌ಗೆ ದಾಟಿಸುತ್ತೆ. ನೀನು ಅದರ ಓನರ್ರಾ ಅಥವಾ ರೂಟ್ (ಸಿಸ್ಟಮ್‌ನ ಯಜಮಾನ) ತರದ ಅಧಿಕಾರ ಐತಾ ಅಂತ ಅಲ್ಲಿ ನೋಡ್ತಾರೆ, ಇಲ್ಲಾ ಅಂದ್ರೆ ಇಪರ್ಮ್ ಅಂತ ಎರರ್ ಕೊಟ್ಟು ಕಳಿಸ್ತಾರೆ. ಸಿಎಚ್‌ಓನ್ ಆಗ್ಲಿ, ಟೈಮ್ ಬದಲಾಯಿಸೋ ಕರೆ ಆಗ್ಲಿ, ಎಲ್ಲಾ ಇದೇ ಬಾಗಿಲಿಗೇ ಬರೋದು.

ನಿನ್ ಲ್ಯಾಪ್‌ಟಾಪ್‌ನಲ್ಲಿರೋದು ಬಹುಶಃ ಇಎಕ್ಸ್‌ಟಿ4, ಅದರ ಐನೋಡ್‌ನಲ್ಲಿ ಪರ್ಮಿಷನ್ ಬರ್ಕೊಳ್ಳೋಕೆ ಜಾಗ ಐತೆ. ನಿನ್ ಪೆನ್‌ಡ್ರೈವ್ ಬಹುಶಃ ಫ್ಯಾಟ್, ಅದ್ರಲ್ಲಿ ಇದಕ್ಕೆಲ್ಲಾ ಮೇಲೆ ಹೇಳಿದ ಆ ಒಂದು ಬೈಟ್ ಬಿಟ್ರೆ ಏನಿಲ್ಲ, ಓನರ್ ಅನ್ನೋ ಮಾತೇ ಇಲ್ಲ. ನಿಂಗೆ ಕಾಣ್ತಿರೋ 644 ಡಿಸ್ಕ್‌ನಲ್ಲಿ ಬರೆದಿದ್ದಲ್ಲ, ಮೌಂಟ್ ಮಾಡುವಾಗ (ಪೆನ್‌ಡ್ರೈವ್ ಸಿಸ್ಟಮ್‌ಗೆ ಜೋಡಿಸುವಾಗ) ಕೊಟ್ಟ ಮಾಸ್ಕ್‌ನಿಂದ, ಅಂದ್ರೆ ಯಾವ ಪರ್ಮಿಷನ್ ಬೇಡ ಅನ್ನೋ ನಂಬರಿನಿಂದ, ಕರ್ನಲ್ ಕಟ್ಟಿ ತೋರಿಸಿದ್ದು. ಎಕ್ಸಿಕ್ಯೂಟ್ ಬಿಟ್ ಇಡೋಕೆ ಜಾಗ ಇಲ್ಲ, ಹಂಗಾಗಿ ಲಿನಕ್ಸ್‌ನ ಫ್ಯಾಟ್ ಕೋಡ್ ಆ ಬೇಡಿಕೆಯನ್ನ ಸುಮ್ನೆ ಕೈಬಿಟ್ಟು ಸೊನ್ನೆ ರಿಟರ್ನ್ ಮಾಡುತ್ತೆ. ಎರರ್ ಯಾಕೆ ಕೊಡಲ್ಲ ಅಂದ್ರೆ, ಇದು ವಿಚಿತ್ರನೇ ಆದ್ರೂ ತುಂಬಾ ಹಳೇ ನಡವಳಿಕೆ ಅಂತ ಸೋರ್ಸ್‌ನಲ್ಲೇ ಕಾಮೆಂಟ್ ಬರ್ದಿದಾರೆ! ನನ್ ಪ್ರಕಾರ ಎರರ್ ಕೊಡೋದೇ ಸರಿ ಇತ್ತು, ಸುಳ್ಳು ಸಕ್ಸಸ್‌ಗಿಂತ ನೇರ ಎರರ್ ವಾಸಿ.

ಇನ್ನೊಂದು ಮಾಡಿ ನೋಡು. ಅದೇ 644 ಫೈಲಿಗೆ 444 ಕೊಡು, ಈ ಸಲ ಆಗುತ್ತೆ, ಯಾಕಂದ್ರೆ ರೈಟ್ ಬಿಟ್ ಎಲ್ಲಾ ಹೋದ್ರೆ ಅದನ್ನ ರೀಡ್ ಓನ್ಲಿ 1 ಅಂತ ಫ್ಯಾಟ್ ಬರ್ಕೊಳ್ಳಬಲ್ದು. ಅದೇ ಪೆನ್‌ಡ್ರೈವ್ ವಿಂಡೋಸ್‌ಗೆ ಹಾಕಿದ್ರೆ ಪ್ರಾಪರ್ಟೀಸ್‌ನಲ್ಲಿ ಟಿಕ್ ಬಿದ್ದಿರುತ್ತೆ. ಲ್ಯಾಬ್ ಪ್ರೋಗ್ರಾಮ್‌ನಲ್ಲಿ ರಿಟರ್ನ್ ವ್ಯಾಲ್ಯೂ ಒಂದನ್ನೇ ನಂಬ್ಬೇಡ, ಸಿಎಚ್‌ಮಾಡ್ ಆದ್ಮೇಲೆ ಫೈಲಿನ ವಿವರ ಕೊಡೋ ಸ್ಟ್ಯಾಟ್ ಕರೆದು ಮೋಡ್ (ಪರ್ಮಿಷನ್ ನಂಬರ್) ನೋಡ್ಕೋ. ಪರ್ಮಿಷನ್ ಸಮೇತ ಫೈಲ್ ಒಯ್ಯೋದಿದ್ರೆ ಟಾರ್ ಮಾಡಿ, ಅಂದ್ರೆ ಒಂದೇ ಫೈಲಾಗಿ ಕಟ್ಟಿ ಒಯ್ಯಿ.

ಪ್ರಶ್ನೆ: ವಿದ್ಯಾರ್ಥಿಗಳು ಕೊನೆ ದಿನಾಂಕ ಮುಗಿದ ಮೇಲೆ ಅಸೈನ್‌ಮೆಂಟ್ ಬರೆದು, ಫೈಲ್ ಡೇಟ್ ನೋಡಿ ಸರ್ ಮುಂಚೇನೇ ಮಾಡಿದ್ವಿ ಅಂತಾರೆ. ಡೇಟ್ ಬದಲಾಯಿಸೋಕೆ ಆಗುತ್ತಾ?
— ಉಪನ್ಯಾಸಕರು, ಚಿತ್ರದುರ್ಗ

ಉತ್ತರ: ಸಲೀಸಾಗಿ ಆಗುತ್ತೆ ಸರ್. ಲಿನಕ್ಸ್‌ನಲ್ಲಿ ಟಚ್ ಕಮಾಂಡ್ ಸಾಕು, ಅದು ಯುಟೈಮೆನ್ಸ್‌ಆಟ್ ಅನ್ನೋ ಕರೆ ಮಾಡಿ ಕೊನೇ ಸಲ ಓದಿದ ಟೈಮು, ಬದಲಾಯಿಸಿದ ಟೈಮು ಎರಡನ್ನೂ ನ್ಯಾನೋಸೆಕೆಂಡ್ ಲೆಕ್ಕದಲ್ಲಿ ಏನ್ ಬೇಕಾದ್ರೂ ಮಾಡುತ್ತೆ. ಆದ್ರೆ ಸಿಟೈಮ್ ಅಂತ ಮೂರನೇದು ಒಂದೈತೆ, ಅದನ್ನ ನಮಗೆ ಬೇಕಾದ ಬೆಲೆಗೆ ಇಡೋಕೆ ಯಾವ ಸಿಸ್ಟಮ್ ಕಾಲ್ ಕೂಡ ಇಲ್ಲ, ಡೇಟ್ ಹಿಂದಕ್ಕೆ ಹಾಕಿದ ಆ ಕ್ಷಣವನ್ನೇ ಕರ್ನಲ್ ಅಲ್ಲಿ ಬರ್ಕೊಂಡಿರುತ್ತೆ. ಹುಡುಗನ ಲ್ಯಾಪ್‌ಟಾಪಲ್ಲೇ ಸ್ಟ್ಯಾಟ್ ಕಮಾಂಡ್ ಕೊಟ್ಟು ಚೇಂಜ್ ಅನ್ನೋ ಸಾಲು ನೋಡ್ರಿ, ಕಾಪಿ ಮಾಡಿ ತಂದ ಫೈಲಲ್ಲಿ ನೋಡಿ ಪ್ರಯೋಜನ ಇಲ್ಲ, ಅದಕ್ಕೆ ಹೊಸ ಐನೋಡ್. ಸಿಸ್ಟಮ್ ಗಡಿಯಾರನೇ ಹಿಂದಕ್ಕೆ ತಿರುಗಿಸಿದ್ರೆ ಇದೂ ಮೋಸ ಹೋಗುತ್ತೆ, ಸಿಟೈಮ್ ಸಿಕ್ಕಿತು ಅಂತ ಅದೊಂದನ್ನೇ ಹಿಡ್ಕೊಂಡು ಮಾರ್ಕ್ಸ್ ಕಟ್ ಮಾಡ್ಬೇಡ್ರಿ. ಅಸೈನ್‌ಮೆಂಟ್ ಮೇಲ್‌ನಲ್ಲಿ ಕಳ್ಸೋಕೆ ಹೇಳ್ರಿ, ನಿಮಗೆ ಬಂದು ತಲುಪಿದ ಟೈಮು ಅವರ ಕೈಯಲ್ಲಿರಲ್ಲ.

ಪ್ರಶ್ನೆ: ರೂಟ್ ಆಗಿದ್ರೂ ಸರ್ವರ್‌ನಲ್ಲಿ ಒಂದು ಫೈಲ್ ಡಿಲೀಟ್ ಆಗ್ತಿಲ್ಲ, 777 ಕೊಡೋಕೂ ಬಿಡ್ತಿಲ್ಲ.
— ಓದುಗರು, ಹಿರಿಯೂರು

ಉತ್ತರ: ಎಲ್ಎಸ್‌ಅಟ್ಟರ್ ಹೊಡೀರಿ, ಐ ಅಂತ ಅಕ್ಷರ ಕಂಡ್ರೆ ಅದು ಇಮ್ಯೂಟಬಲ್ ಫ್ಲ್ಯಾಗ್, ಯಾರೂ ಮುಟ್ಟಬಾರ್ದು ಅನ್ನೋ ಗುರುತು. 777ಕ್ಕೂ ಇದಕ್ಕೂ ಸಂಬಂಧ ಇಲ್ಲ, ಇದು ಇನ್ನೊಂದು ಜಾತಿ ಅಟ್ರಿಬ್ಯೂಟ್, ಹಾಕೋದು ತೆಗೆಯೋದು ಐಆಕ್ಟಲ್ ಅನ್ನೋ ಸಿಸ್ಟಮ್ ಕಾಲ್‌ನಿಂದ. 2025ರಲ್ಲಿ ಬಂದ ಲಿನಕ್ಸ್ 6.17ರಿಂದ ಇದಕ್ಕೇ ಅಂತ ಫೈಲ್ ಸೆಟ್‌ಅಟ್ಟರ್ ಅನ್ನೋ ಬೇರೆ ಸಿಸ್ಟಮ್ ಕಾಲ್‌ನೂ ಸೇರಿಸಿದಾರೆ. ಸಿಎಚ್‌ಅಟ್ಟರ್ ಮೈನಸ್ ಐ ಕೊಟ್ರೆ ಬಿಡುತ್ತೆ. ಆದ್ರೆ ನೀವು ಹಾಕಿಲ್ಲ ಅಂದ್ಮೇಲೆ ಯಾರ್ ಹಾಕಿದ್ರು? ಸರ್ವರ್‌ಗೆ ನುಗ್ಗಿದವರು ತಮ್ಮ ಫೈಲ್ ಉಳಿಸ್ಕೊಳ್ಳೋಕೆ ಮಾಡೋ ಕೆಲಸನೂ ಇದೇ, ಡಿಲೀಟ್ ಮಾಡೋ ಮುಂಚೆ ಒಂದು ಕಾಪಿ ಇಟ್ಕೊಂಡು ಲಾಗಿನ್ ದಾಖಲೆ ನೋಡ್ರಿ.