ತೆಗೆದ ದುಡ್ಡಿಗೂ ಬಡ್ಡಿ ಹಾಕಿದ್ದೇ ತಪ್ಪು

ಮೇಡಂ, ನಿಮ್ಮ ಮಗನ ಲೆಕ್ಕ ನೋಡಿದೆ. ಉಳಿದವರಿಗೂ ಗೊತ್ತಾಗಲಿ ಅಂತ ಪ್ರಶ್ನೆ ಇನ್ನೊಮ್ಮೆ ಹೇಳುತ್ತೇನೆ. ಖಾತೆಯಲ್ಲಿ ಒಂದಷ್ಟು ಹಣ ಇದೆ. ವರ್ಷದ ಕೊನೆಗೆ ಶೇ. 10 ಬಡ್ಡಿ ಸೇರುತ್ತದೆ, ಸೇರಿದ ಕೂಡಲೇ 5,500 ರೂಪಾಯಿ ತೆಗೆಯುತ್ತಾರೆ. ಎರಡನೇ ವರ್ಷವೂ ಹೀಗೇ. ಆಮೇಲೆ ಉಳಿದದ್ದು 12,650. ಮೊದಲು ಎಷ್ಟಿತ್ತು?

ಅಸಲಿಗೆ ‘ಅ’ ಅಂತ ಇಟ್ಟುಕೊಂಡು ಮಗ ಬರೆದದ್ದು: 1.21ಅ − 11,000 = 12,650. ಉತ್ತರ 19,545 ಚಿಲ್ಲರೆ ಬಂತು, ಪುಸ್ತಕದಲ್ಲಿ 20,000 ಇದೆ. ಎರಡು ವರ್ಷದ ಬಡ್ಡಿಗೆ 1.1 × 1.1 = 1.21 ಹಿಡಿದದ್ದು ಸರಿ, ಹುಡುಗ ಚುರುಕಿದ್ದಾನೆ. ಎಡವಿದ್ದು 11,000ದಲ್ಲಿ. ಮೊದಲ ವರ್ಷ ತೆಗೆದ 5,500 ಎರಡನೇ ವರ್ಷ ಖಾತೆಯಲ್ಲಿ ಇರಲೇ ಇಲ್ಲ ಅಲ್ವಾ? ಅದಕ್ಕೆ ಬರುತ್ತಿದ್ದ 550 ಬಡ್ಡಿಯೂ ಹೋಯಿತು. ಹಾಗಾಗಿ ಕಳೆಯಬೇಕಾದ್ದು 6,050 ಮತ್ತು 5,500, ಒಟ್ಟು 11,550. ಈಗ 1.21ಅ = 24,200. ಅ = 20,000.

ಸಮೀಕರಣ ಬರೆಯುವ ಮೊದಲು ಅವನಿಗೆ ಒಂದು ಪಾಸ್‌ಬುಕ್ ಗೀಚಲು ಹೇಳಿ. ಸಾಲಿಗೊಂದು ವರ್ಷ. ಬಡ್ಡಿ, ತೆಗೆದದ್ದು, ಉಳಿದದ್ದು, ಅಷ್ಟೇ. ನಾನು ಟ್ಯೂಷನ್ ಮಕ್ಕಳಿಗೆ ಮಾಡಿಸುವುದು ಇದನ್ನೇ. ಆಮೇಲೆ ಕೆಳಗಿನ ಸಾಲಿನಿಂದ ಮೇಲಕ್ಕೆ ಹತ್ತಿದರೂ ಆಯಿತು: 12,650ಕ್ಕೆ 5,500 ಕೂಡಿಸಿ, 18,150. ಅದನ್ನು 1.1ರಿಂದ ಭಾಗಿಸಿ, 16,500. ಮತ್ತೆ 5,500 ಕೂಡಿಸಿ, 22,000. ಮತ್ತೆ ಭಾಗಿಸಿ, 20,000. ಇದೇನೂ ಹೊಸ ಉಪಾಯವಲ್ಲ. ಹಿಂದಕ್ಕೆ ಹೋಗುವಾಗ ಗುಣಾಕಾರ ಭಾಗಾಕಾರವಾಗುತ್ತದೆ, ಕಳೆದದ್ದು ಕೂಡುವುದಾಗುತ್ತದೆ ಅಂತ ಆರ್ಯಭಟನೇ ಹೇಳಿದ್ದಾನೆ.

ಹತ್ತುವಾಗ ಮಕ್ಕಳು ಜಾಸ್ತಿ ಜಾರುವ ಜಾಗ ಒಂದಿದೆ. 18,150ರಲ್ಲಿ ಶೇ. 10 ಕಳೆದುಬಿಡುತ್ತಾರೆ, 16,335 ಬರುತ್ತದೆ. ಬಡ್ಡಿ ಹಾಕಿದ್ದು ಹಿಂದಿನ ಶಿಲ್ಕಿನ ಮೇಲೆ, 18,150ರ ಮೇಲಲ್ಲ. ಭಾಗಿಸಲೇಬೇಕು.

‘ವರ್ಷದ ಮೊದಲಿಗೆ’, ‘ವರ್ಷದ ಕೊನೆಗೆ’ ಅನ್ನುವ ಮಾತಿನ ಕೆಳಗೆ ಗೆರೆ ಎಳೆಯಲು ಹೇಳಿ. ಅದೇ ಲೆಕ್ಕದಲ್ಲಿ ಮೊದಲು 5,500 ತೆಗೆದು ಆಮೇಲೆ ಬಡ್ಡಿ ಹಾಕಿದರೆ 20,000ದಲ್ಲಿ ಉಳಿಯುವುದು 11,495 ಮಾತ್ರ. ಮನೆಯಲ್ಲಿ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ ಅನ್ನುವ ಸರ್ಕಾರಿ ಉಳಿತಾಯ ಯೋಜನೆ) ಪಾಸ್‌ಬುಕ್ ಇದ್ದರೆ ತೋರಿಸಿ. ಅದರಲ್ಲಿ ಬಡ್ಡಿ ಲೆಕ್ಕ ಹಾಕುವುದು ತಿಂಗಳಿಗೊಮ್ಮೆಯಾದರೂ ಜಮೆ ಆಗುವುದು ವರ್ಷಕ್ಕೊಮ್ಮೆ, ಮಾರ್ಚ್ 31ಕ್ಕೆ. ಶೇ. 7.1 ಅಂತ ಇಟ್ಟುಕೊಂಡರೆ, ಏಪ್ರಿಲ್ 5ರ ಒಳಗೆ ಕಟ್ಟಿದ 1,00,000ಕ್ಕೆ ಆ ವರ್ಷ 7,100 ಸಿಗುತ್ತದೆ. 6ಕ್ಕೆ ಕಟ್ಟಿದರೆ 11 ತಿಂಗಳ ಬಡ್ಡಿ ಅಷ್ಟೇ, ಸುಮಾರು 6,508. ಒಂದು ದಿನಕ್ಕೆ 592 ಕಡಿಮೆ! ಇದನ್ನು ತೋರಿಸಿದ ದಿನದಿಂದ ನನ್ನ ಮಗಳು ಪ್ರಶ್ನೆಯಲ್ಲಿ ತಾರೀಖು ಬಿಟ್ಟು ಓದಿಲ್ಲ.

ಮುಂದಿನ ಲೆಕ್ಕದಲ್ಲೂ ಸಿಕ್ಕಿಕೊಂಡರೆ ಅವನ ಪಾಸ್‌ಬುಕ್ ಪುಟದ ಫೋಟೋನೇ ಹಾಕಿ. ಯಾವ ಸಾಲಲ್ಲಿ ತಪ್ಪಿದೆ ಅಂತ ನೋಡಿ ಹೇಳುತ್ತೇನೆ.