ಹಸಿವಿನ ರಿಸೆಪ್ಟರ್ ಬ್ಲಾಕ್ ಮಾಡಿ ಬೊಜ್ಜು ಕರಗಿಸುವ ಮಾತ್ರೆ ಯಾಕೆ ಇನ್ನೂ ಬಂದಿಲ್ಲ?

ಬಂದಿತ್ತು, ವಾಪಸ್ಸೂ ಹೋಯ್ತು. ಹೆಸರು ರಿಮೊನಬ್ಯಾಂಟ್. ಯುರೋಪಿನಲ್ಲಿ 2006ರಲ್ಲಿ ಒಪ್ಪಿಗೆ ಸಿಕ್ಕಿತು.

ರಿಸೆಪ್ಟರ್ ಅಂದರೆ ಜೀವಕೋಶದ ಮೇಲೆ ರಾಸಾಯನಿಕ ಬಂದು ಕೂತು ಸಂಕೇತ ಕೊಡುವ ಜಾಗ. ಅದನ್ನು ತಡೆಯುವ ಬ್ಲಾಕರ್ ಕೆಲಸ ಇಷ್ಟೇ: ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡೀತಾರಲ್ವಾ, ಹಾಗೆ ಔಷಧಿ ಹೋಗಿ ರಿಸೆಪ್ಟರ್ ಮೇಲೆ ಕೂರುತ್ತದೆ, ದೇಹದ ಸ್ವಂತ ರಾಸಾಯನಿಕಕ್ಕೆ ಜಾಗ ಸಿಗುವುದಿಲ್ಲ. ರಿಮೊನಬ್ಯಾಂಟ್ ಹಿಡಿದಿದ್ದು ಸಿಬಿ1 ಎಂಬ ರಿಸೆಪ್ಟರನ್ನು. ಗಾಂಜಾ ಸೇದಿದವರಿಗೆ ವಿಪರೀತ ಹಸಿವಾಗುವುದು ಇದರಿಂದಲೇ, ಹಾಗಾಗಿ ಇದನ್ನು ತಡೆದರೆ ಹಸಿವು ಕಡಿಮೆಯಾಗಬೇಕು ಅನ್ನುವ ಲೆಕ್ಕ ಸರಿಯಾಗೇ ಇತ್ತು. ತೂಕವೂ ಇಳಿಯಿತು. ಆದರೆ ಸಿಬಿ1 ಮಿದುಳಿನ ತುಂಬಾ ಇದೆ, ಹಸಿವಿನ ಜೊತೆ ಖುಷಿ, ಆತಂಕ ಎಲ್ಲದರಲ್ಲೂ ಅದರ ಕೈಯಿದೆ. ಕೆಲವರಿಗೆ ಖಿನ್ನತೆ, ಆತ್ಮಹತ್ಯೆಯ ಯೋಚನೆ ಬಂತು. 2008ರಲ್ಲಿ ಯುರೋಪ್ ಮಾರಾಟ ನಿಲ್ಲಿಸಿತು, ಮರುವರ್ಷ ಭಾರತವೂ ನಿಷೇಧಿಸಿತು. ಅಮೆರಿಕ ಮೊದಲಿಂದಲೂ ಒಪ್ಪಲೇ ಇಲ್ಲ.

ಈಗಿನ ಉಪಾಯ, ಮಿದುಳಿಗೆ ಅಷ್ಟಾಗಿ ದಾಟದೆ ಲಿವರ್, ಕೊಬ್ಬಿನ ಕಡೆಗಷ್ಟೇ ಹೋಗುವ ಅಣು. ಹೇಳುವುದು ಸುಲಭ. ಮಾನ್ಲುನಬ್ಯಾಂಟ್ ಅಂಥದ್ದೇ, ಆದರೂ 2024ರಲ್ಲಿ ಬಂದ ಪ್ರಯೋಗದ ಫಲಿತಾಂಶದಲ್ಲಿ ತೂಕ ಇಳಿಯುವುದರ ಜೊತೆ ಆತಂಕ, ಕಿರಿಕಿರಿ, ನಿದ್ದೆಗೇಡು ಮತ್ತೆ ಕಾಣಿಸಿತು, ಡೋಸ್ ಹೆಚ್ಚಿದಷ್ಟೂ ಜಾಸ್ತಿ.

ಹಾಗಂತ ಬ್ಲಾಕರ್‌ಗಳೆಲ್ಲ ಕೆಟ್ಟವು ಅಂತಲ್ಲ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಇಸ್ಟ್ರಾಡೆಫಿಲಿನ್ ಎಂಬ ಔಷಧಿ, ಅಡೆನೊಸಿನ್ ಎಂಬ ದೇಹದ ರಾಸಾಯನಿಕದ ರಿಸೆಪ್ಟರನ್ನು ತಡೆಯುತ್ತದೆ. ಜಪಾನ್ 2013ರಲ್ಲಿ, ಅಮೆರಿಕ 2019ರಲ್ಲಿ ಒಪ್ಪಿವೆ. ಅಂದ ಹಾಗೆ ನಮ್ಮ ಫಿಲ್ಟರ್ ಕಾಫಿಯ ಕೆಫೀನ್ ಕೂಡ ಅಡೆನೊಸಿನ್ ಬ್ಲಾಕರ್ರೇ!

ಬೊಮ್ಮಸಂದ್ರದ ಸಿಂಜೀನ್ ಥರದ ಕಂಪನಿಗಳಲ್ಲಿ ಇಂಥ ಸಂಶೋಧನೆಯ ಕೆಲಸ ಸಿಗುತ್ತದೆ. ಫಾರ್ಮಕಾಲಜಿ ಓದುತ್ತಿದ್ದರೆ ಅತ್ತ ಒಂದು ಕಣ್ಣಿಡಿ.